ಹೋರಿ ಮುಂದೋ, ಹಿಂದೋ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಸಿಂದಗಿಯ ಮಂದಿ ಕೇಳುವ ಮೊದಲ ಪ್ರಶ್ನೆ, ಕಾಂಗರೂ ನೋಡಿದಿರೇನು ಎಂಬುದು. ನೋಡಿದೆ. ಆರು ನೋಡಿದೆ, ಆರೂ ರಸ್ತೆ ಬದಿಗೆ ಸತ್ತು ಬಿದ್ದಿದ್ದವು. ಎರಡನೇ ಪ್ರಶ್ನೆ ಸಮುದ್ರದ್ದು. ಸಮುದ್ರ ವಿಮಾನದ ಕಿಟಕಿಯಿಂದ ಕಂಡಿತು, ಅದೂ ರೆಕ್ಕೆ ಅಡ್ಡ ಬಂದು ಅರ್ಧ. ನಾನು ಅಷ್ಟು ತಾಸು ಮೊಣಕಾಲು ಮಡಚಿಕೊಂಡು ಆಕಾಶದಲ್ಲಿ ಕೂತದ್ದು ಒಂದು ಹಳೆಯ ದನದ ಟ್ರೇಲರ್ ನೋಡುವುದಕ್ಕೆ. ಇದನ್ನು ಹೇಳಿದರೆ ಮಂದಿ ಮೂರನೇ ಪ್ರಶ್ನೆ ಕೇಳುವುದಿಲ್ಲ.

ನನ್ನ ಹೆಸರು ರಾಘವೇಂದ್ರ ಕುಲಕರ್ಣಿ. ಸಿಂದಗಿಯಲ್ಲಿ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಟ್ರೇಲರು, ಲಾರಿ ಬಾಡಿ ಕಟ್ಟುವ ವರ್ಕ್‌ಶಾಪ್ ಇಟ್ಟಿದ್ದೇನೆ. ಕುಲಕರ್ಣಿ ಮನೆತನದವನು ವೆಲ್ಡಿಂಗ್ ಹಿಡಿದನಲ್ಲ ಎಂದು ನಮ್ಮ ಸೋದರಮಾವ ಎರಡು ವರ್ಷ ನನ್ನ ಸಂಗಡ ಮಾತು ಬಿಟ್ಟಿದ್ದರು. ಅಜ್ಜ ಊರಿನ ದಫ್ತರ ಬರೆದರು, ನಾನು ಗಾಡಿಗಳ ದಫ್ತರ ಬರೆಯುತ್ತೇನೆ. ಯಾವ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ಮೇಲೆ ಎಷ್ಟು ಭಾರ, ಯಾವ ಎಕ್ಸೆಲ್ ಎಲ್ಲಿ, ಎಲ್ಲವೂ ನನ್ನ ವಹಿಯಲ್ಲಿ ಇರುತ್ತದೆ. ಕುಲಕರ್ಣಿಯವರ ವಹಿಯಲ್ಲಿ ಬರೆದದ್ದೆಂದರೆ ನಮ್ಮ ಕಡೆ ಮರುಮಾತಿಲ್ಲ. ಇದರ ಬಗ್ಗೆ ನನಗೆ ಜಂಬವೂ ಸಾಕಷ್ಟಿತ್ತು.

ಹೋದ ವರ್ಷ ಮುದ್ದೇಬಿಹಾಳದ ಕುರಿ ಸಾಕುವವರ ಗುಂಪಿಗೆ ಒಂದು ಉದ್ದನೆಯ ಸೆಮಿ-ಟ್ರೇಲರ್ ಕಟ್ಟಿಕೊಟ್ಟೆ. ಇದಕ್ಕೆ ಮುಂದೆ ಗಾಲಿ ಇರುವುದಿಲ್ಲ. ಮೂತಿಯನ್ನು ಎಳೆಯುವ ಲಾರಿಯ ಬೆನ್ನ ಮೇಲೆ ಊರಿಕೊಂಡಿರುತ್ತದೆ, ಹಿಂದೆ ಮಾತ್ರ ಗಾಲಿ. ನಮ್ಮ ಇಕ್ಕಟ್ಟಿನ ಓಣಿಗಳಲ್ಲಿ ಸಲೀಸಾಗಿ ತಿರುಗಲಿ ಎಂದು ಆ ಗಾಲಿಗಳನ್ನು ನಾನು ತುಸು ಮುಂದಕ್ಕೆ ಕೂಡಿಸಿದ್ದೆ. ಹೀಗಾಗಿ ಬಾಲದ ಕಡೆ ಎಂಟು ಅಡಿ ಬಾಡಿ ಗಾಲಿಗಳಿಂದಾಚೆ ಚಾಚಿಕೊಂಡಿತ್ತು. ಮೊದಲ ಬಾಡಿಗೆಗೆ ಇಂಡಿ ಊರಿನ ದನದ ಸಂತೆಯಿಂದ ಆರು ಹೋರಿ, ಒಂದು ಹಿಂಡು ಕುರಿ. ಹೋರಿಗಳು ಬಸವನ ಬಾಗೇವಾಡಿಯಲ್ಲಿ ಮೊದಲು ಇಳಿಯಬೇಕು, ಕುರಿ ಆಮೇಲೆ ಮುದ್ದೇಬಿಹಾಳದಲ್ಲಿ. ಬಾಗಿಲು ಇರುವುದು ಹಿಂದೆ ಒಂದೇ. ಕುರಿ ಒಳಗೆ ಮುಂದೆ ಹೋಗಲಿ, ಹೋರಿ ಹಿಂದೆ ನಿಲ್ಲಲಿ ಎಂದೆ.

ಡ್ರೈವರ್ ಭೀಮಶಿ ಗಾಡಿಗೆ ಒಂದು ಸುತ್ತು ಹಾಕಿ ಬಂದ. “ರಾಘಣ್ಣಾ, ಹಿಂದ ಭಾಳ ವಜ್ಜಿ ಆಗೇತ್ರಿ. ಹೋರಿ ಮುಂದ ಹಾಕೂಣೇನ್ರಿ?”

“ನೀ ಸ್ಟೇರಿಂಗ್ ಹಿಡಿಯೋ. ವಜನದ ಲೆಕ್ಕ ನಂದು” ಎಂದೆ.

ಬಾಗೇವಾಡಿ ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ಇಳಿಜಾರಿನಲ್ಲಿ ಟ್ರೇಲರ್ ಓಲಾಡಿ ತಗ್ಗಿಗೆ ಬಿತ್ತು. ಒಂದು ಹೋರಿ ಸತ್ತಿತು. ಭೀಮಶಿಯ ಕೊರಳೆಲುಬು ಮುರಿಯಿತು. ಕುರಿಗಾರರು ಕರೆದ ಸಭೆಯಲ್ಲಿ ಅವನು ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತು, “ನಾ ಜೋರ ಹೊಡದಿಲ್ರಿ. ಸ್ಟೇರಿಂಗ್ ಹಗೂರಾತು, ಹಿಂದಿನ ಗಾಡಿ ನನ್ನ ಮಾತ ಕೇಳಲಿಲ್ಲ” ಎಂದ. ಎಲ್ಲರೂ ನನ್ನ ಮುಖ ನೋಡಿದರು. ನಾನು ವಹಿ ತೆರೆದು ಅಂಕಿಗಳನ್ನು ಓದಿದೆ. ಗಾಡಿ ಸರಿ ಇದೆ, ಕೈ ಜೋರಾಗಿದೆ ಎಂದೆ. ಸಭೆ ಮುಗಿಯಿತು. ಇಪ್ಪತ್ತೆರಡು ವರ್ಷ ನಾನು ಕಟ್ಟಿದ ಪ್ರತಿ ಗಾಡಿಯನ್ನೂ ಮೊದಲ ಸಲ ರಸ್ತೆಗೆ ಇಳಿಸಿದವನು ಅವನೇ. ಅವನ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ಎಷ್ಟು ಕಪ್ ಚಹಾ ಕುಡಿದಿದ್ದೇನೋ ಲೆಕ್ಕವಿಲ್ಲ. ಆ ಸಭೆಯ ನಂತರ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಈಗ ಮುದ್ದೇಬಿಹಾಳದಲ್ಲಿ ಮೈದುನನ ಅಂಗಡಿಯಲ್ಲಿ ಪಂಚರ್ ತೆಗೆಯುತ್ತಾನೆ.

ಟ್ರೇಲರನ್ನು ಮತ್ತೆ ಕಟ್ಟಿಕೊಡಿ ಎಂದು ಕುರಿಗಾರರು ಬಂದಾಗ ನನಗೆ ಮೊದಲ ಸಲ ಪೆನ್ಸಿಲ್ ಹಿಡಿಯಲು ಅಂಜಿಕೆಯಾಯಿತು. ನನ್ನ ಲೆಕ್ಕ ಸರಿಯಿದ್ದರೆ ಹಾಗೆಯೇ ಕಟ್ಟಬೇಕು. ತಪ್ಪಿದ್ದರೆ ಒಬ್ಬ ಮನುಷ್ಯನ ಅನ್ನವನ್ನು ನಾನು ನಾಲ್ಕು ಮಂದಿಯೆದುರು ಕಸಿದುಕೊಂಡಂತೆ ಆಯಿತು. ಹಳೆಯ ಲಾರಿಗಳ ಹುಚ್ಚಿನವರ ಫೋನ್ ಗುಂಪೊಂದರಲ್ಲಿ ನನಗೆ ಆಸ್ಟ್ರೇಲಿಯಾದ ಕ್ಲೆಮ್ ಎಂಬ ಮುದುಕನ ಪರಿಚಯವಿತ್ತು. ಅವನ ಅಪ್ಪ ಅರವತ್ತು ವರ್ಷದ ಹಿಂದೆ ಕಟ್ಟಿದ ದನದ ಸೆಮಿ-ಟ್ರೇಲರ್ ಇವತ್ತಿಗೂ ಓಡುತ್ತದೆ. ಹೊಸ ಟ್ರೇಲರುಗಳಲ್ಲಿ ಗಾಳಿಚೀಲದ ಸ್ಪ್ರಿಂಗು, ಕಂಪ್ಯೂಟರು ಎಂದು ಏನೇನೋ ಇರುತ್ತವೆ, ಅವು ನಮಗೆ ಪ್ರಯೋಜನವಿಲ್ಲ. ಇದು ನಮ್ಮ ಹಾಗೆಯೇ ಪಾಟಾ, ಕಬ್ಬಿಣ, ಕಟ್ಟಿಗೆ. ಬಂದು ನೋಡು ಎಂದ. ಹೋದೆ.

ವಿಮಾನ ನಿಲ್ದಾಣ

ಇಳಿಯುವ ಮುಂಚೆಯೇ ಒಂದು ಕಾಗದ ತುಂಬಿಸಿದರು. ಕಳೆದ ಮೂವತ್ತು ದಿನಗಳಲ್ಲಿ ಹೊಲಕ್ಕೆ ಹೋಗಿದ್ದೀರಾ, ದನಕರುಗಳ ಹತ್ತಿರ ಸುಳಿದಿದ್ದೀರಾ ಎಂದು ಕೇಳಿತ್ತು. ಇದೆಂಥ ಪ್ರಶ್ನೆ! ಸಿಂದಗಿಯಲ್ಲಿದ್ದುಕೊಂಡು ದನದ ಹತ್ತಿರ ಸುಳಿಯದೆ ಇರಬೇಕಾದರೆ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂರಬೇಕು. ಹೌದು ಎಂದು ಗುರುತು ಹಾಕಿದೆ.

ಅದಕ್ಕೆ ನನ್ನನ್ನು ಬೇರೆ ಸಾಲಿಗೆ ಕಳಿಸಿದರು. ಅಲ್ಲಿ ಮಗಳ ವಯಸ್ಸಿನ ಅಧಿಕಾರಿಯೊಬ್ಬಳು ನನ್ನ ಚೀಲ ತೆರೆದು ಕಟಕ ರೊಟ್ಟಿಯನ್ನು ಹೊರಗೆ ತೆಗೆದಳು. ಬೆರಳಿನಿಂದ ಬಡಿದು ನೋಡಿದಳು. ಟಣ್ ಎಂದಿತು. ಇದನ್ನು ತಿನ್ನುತ್ತೀರೇ ಎಂದು ಕೇಳಿದಳು. ತಿನ್ನುತ್ತೇವೆ ಎಂದೆ. ಇನ್ನೊಬ್ಬನನ್ನು ಕರೆದು ಅವನಿಂದಲೂ ಬಡಿಸಿದಳು. ರೊಟ್ಟಿ, ಶೇಂಗಾ ಹಿಂಡಿ ಎರಡೂ ಪಾಸಾದವು. ಆದರೆ ನನ್ನ ಬೂಟುಗಳ ಅಡಿಯಲ್ಲಿ ಎರೆಮಣ್ಣು ಮೆತ್ತಿಕೊಂಡಿತ್ತು. ಬೂಟು ಬಿಚ್ಚಿಸಿಕೊಂಡು ಒಳಗೆ ಹೋದಳು.

ನನಗೆ ದಂಡ ಹಾಕುತ್ತಾರೋ, ವಾಪಸ್ ಕಳಿಸುತ್ತಾರೋ ತಿಳಿಯಲಿಲ್ಲ. ಬರೀ ಕಾಲುಚೀಲದಲ್ಲಿ ನಿಂತೆ. ಹತ್ತು ನಿಮಿಷಕ್ಕೆ ಆಕೆ ಎರಡೂ ಬೂಟುಗಳನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದಳು. ಪರಾಯಿ ಹೆಣ್ಣುಮಗಳು ನನ್ನ ಬೂಟು ತೊಳೆಯುವುದೆಂದರೆ! ನನಗೆ ನಾಚಿಕೆಯಾಗಿ ಕೈ ಮುಗಿದೆ. ಆಕೆ ಗಾಬರಿಯಾಗಿ ತಾನೂ ಕೈ ಮುಗಿದಳು. ಹೊರಗೆ ಬಂದ ಮೇಲೂ ಇದು ಸತ್ಕಾರವೋ ಶಿಕ್ಷೆಯೋ ಎಂದು ತೀರ್ಮಾನಿಸಲು ಆಗಲಿಲ್ಲ.

ಕ್ಲೆಮ್‌ನ ಷೆಡ್

ಕ್ಲೆಮ್‌ನ ಊರು ಒಳನಾಡಿನಲ್ಲಿ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಶ್ರಾವಣ ಮಾಸ, ಅಲ್ಲಿ ಗಡಗಡ ನಡುಗಿಸುವ ಚಳಿ. ಸ್ವೆಟರು ಇಟ್ಟುಕೊಳ್ಳಿರಿ ಎಂದು ಹೆಂಡತಿ ಸುಧಾ ಹೇಳಿದ್ದಳು, ಶ್ರಾವಣದಲ್ಲಿ ಎಂಥ ಚಳಿ ಎಂದು ನಾನು ಬಿಟ್ಟು ಬಂದಿದ್ದೆ. ಕ್ಲೆಮ್ ತನ್ನ ಕೋಟು ಕೊಟ್ಟ. ತೋಳು ಮೊಣಕಾಲಿನ ತನಕ ಬಂದಿತು.

ಎಪ್ಪತ್ತಾರರ ಮನುಷ್ಯ, ಅರ್ಧ ಮಾತು ನುಂಗಿ ಅರ್ಧ ಆಡುತ್ತಾನೆ. ಆಡಿದ್ದೂ ನಮ್ಮ ಇಂಡಿ ಕಡೆಯವರ ಹಾಗೆ ಬಿರುಸು. ಅದಕ್ಕೆ ಅವನ ಇಂಗ್ಲಿಷನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೆಯೇ ಕೇಳಿತು. ಮನೆಯಲ್ಲಿ ಅವನು, ಅವನ ತಂಗಿ ಜೋನ್ ಇಬ್ಬರೇ. ಜೋನ್ ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು ದನ ಸಾಕುವ ಮನೆಯಲ್ಲಿ ದಿಕ್ಕು ತೋಚದೆ ಮೂರು ಹೊತ್ತೂ ಬೇಯಿಸಿದ ಆಲೂಗಡ್ಡೆ ಇಟ್ಟಳು. ಬೆಳಿಗ್ಗೆ ಬ್ರೆಡ್ಡಿಗೆ ಹಚ್ಚಿಕೊಳ್ಳಲು ಒಂದು ಕರಿ ಲೇಹ್ಯ. ಹುಣಸೆತೊಕ್ಕು ಇರಬೇಕೆಂದು ಬೆರಳು ದಪ್ಪ ಹಚ್ಚಿ ಬಾಯಿಗಿಟ್ಟೆ. ಉಪ್ಪಿನ ಗಟ್ಟಿ! ಉಗುಳುವಂತಿಲ್ಲ, ನುಂಗುವಂತಿಲ್ಲ. ಜೋನ್ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದು ತಲೆ ಅಲ್ಲಾಡಿಸಿದೆ. ಮರುದಿನ ಇನ್ನೂ ದಪ್ಪಗೆ ತಾನೇ ಹಚ್ಚಿಕೊಟ್ಟಳು.

ರಸ್ತೆಯಲ್ಲಿ ಹೋಗುವಾಗ ಎದುರು ಬರುವ ಪ್ರತಿ ಡ್ರೈವರನೂ ಸ್ಟೇರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಿದ್ದ. ನಾನು ಪ್ರತಿ ಸಲ ಬಗ್ಗಿ ಮೇಲೆ ನೋಡಿದೆ, ತಂತಿ ಹರಿದಿದೆಯೇನೋ ಎಂದು. ಅದು ನಮಸ್ಕಾರವಂತೆ. ನಮ್ಮಲ್ಲಿ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಮನೆಯವರೆಲ್ಲ ಆರಾಮೇನು ಎಂದು ಕೇಳಿ, ಹಿಂದಿನವರು ಹಾರ್ನ್ ಹೊಡೆಯುವ ತನಕ ನಿಲ್ಲುವುದನ್ನು ಇವರು ಒಂದು ಬೆರಳಿನಲ್ಲಿ ಮುಗಿಸುತ್ತಾರೆ.

ಷೆಡ್ಡಿನಲ್ಲಿ ಟ್ರೇಲರ್ ನೋಡಿದಾಗ ಮಾತ್ರ ನನ್ನ ಗಲಿಬಿಲಿ ಒಂದು ಗಳಿಗೆ ನಿಂತಿತು. ಎಷ್ಟು ಚೆಂದದ ಕೆಲಸ! ಮೂವತ್ತು ಅಡಿ ಉದ್ದ. ಹೋರಿಯ ಡುಬ್ಬ, ಸೊಂಟ ತರಚಬಾರದೆಂದು ಒಳಗಿನ ಮೂಲೆಗಳನ್ನೆಲ್ಲ ದುಂಡಗೆ ಬಗ್ಗಿಸಿದ್ದಾರೆ. ಗೊರಸು ಜಾರದಂತೆ ನೆಲಕ್ಕೆ ಅಡ್ಡಪಟ್ಟಿ. ಹಿಂದಿನ ಎರಡು ಎಕ್ಸೆಲ್‌ಗಳ ಪಾಟಾಗಳ ನಡುವೆ ತೂಗುವ ಒಂದು ತೊಲೆ. ಒಂದು ಗಾಲಿ ತಗ್ಗಿಗೆ ಇಳಿದರೆ ಅದರ ಭಾರವನ್ನು ಇನ್ನೊಂದು ಹಂಚಿಕೊಳ್ಳುತ್ತದೆ. ಒಳಗೆ ಮೇಲಿನಿಂದ ಇಳಿಯುವ ಎರಡು ಗೇಟು, ಹೀಗೆ ಮೂರು ಖಾನೆ. ನನ್ನ ಟ್ರೇಲರಿನಲ್ಲಿ ಗೇಟೇ ಇರಲಿಲ್ಲ. ಅವನ ಅಪ್ಪನೂ ತೋಟದ ಬಾಗಿಲುಗಳಲ್ಲಿ ತಿರುಗಲೆಂದು ಗಾಲಿಗಳನ್ನು ಮುಂದಕ್ಕೆ ಕೂಡಿಸಿದ್ದ, ಬಾಲ ನನ್ನದರ ಹಾಗೆಯೇ ಗಾಲಿಯಿಂದಾಚೆ ಚಾಚಿತ್ತು. ಅದನ್ನು ನೋಡಿ ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

“ಹಗ್ಗ ಎಲ್ಲಿ ಕಟ್ಟತೀರಿ?” ಎಂದು ಕೇಳಿದೆ.

“ಎಂಥಾ ಹಗ್ಗ?”

“ಮೂಗುದಾಣದ್ದು.”

ಮೂಗುದಾಣ ಎಂದರೆ ಏನೆಂದು ಅವನಿಗೆ ಕೈ ಮಾಡಿ ತೋರಿಸಬೇಕಾಯಿತು. ಕ್ಲೆಮ್ ತನ್ನ ಮೂಗು ಮುಟ್ಟಿಕೊಂಡ. “ಕಟ್ಟೂದಿಲ್ಲ. ಖಾನೆ ತುಂಬ ನಿಲ್ಲಸ್ತೀವಿ. ಒಂದಕ್ಕೊಂದು ಆತು ನಿಂದರ್ತಾವ.”

ಹೆಸರಿಲ್ಲದ, ಹಗ್ಗವಿಲ್ಲದ ದನ. ಹೋರಿಗೆ ಏನೆಂದು ಕರೆಯುತ್ತೀರಿ ಎಂದರೆ ಕಿವಿಯ ಬಿಲ್ಲೆಯ ನಂಬರು ಹೇಳಿದ.

ಶನಿವಾರ, ಕಾಟಾದ ಮೇಲೆ

ಕ್ಲೆಮ್‌ನ ಮನೆಯೆದುರಿಗೇ ಇರುವ ಊರಿನ ದನದ ಮಾರುಕಟ್ಟೆಯಲ್ಲಿ ಲಾರಿ ತೂಗುವ ಕಾಟಾ ಇದೆ, ನಮ್ಮ ಕಬ್ಬಿನ ಕಾಟಾದಂಥದ್ದೇ. ಕ್ಲೆಮ್ ಆರು ಹೋರಿಗಳನ್ನು ತಂದ. ಮೊದಲು ಒಂದು ತುದಿಯ ಖಾನೆಯಲ್ಲಿ ಆರನ್ನೂ ನಿಲ್ಲಿಸಿ ತೂಗಿದೆವು, ಆಮೇಲೆ ನಡುವಿನದರಲ್ಲಿ, ಆಮೇಲೆ ಇನ್ನೊಂದು ತುದಿಯದರಲ್ಲಿ. ಪ್ರತಿ ಸಲವೂ ಎಳೆಯುವ ಲಾರಿಯ ಗಾಲಿಗಳ ಮೇಲೆ ಎಷ್ಟು, ಟ್ರೇಲರಿನ ಗಾಲಿಗಳ ಮೇಲೆ ಎಷ್ಟು ಎಂದು ಬೇರೆ ಬೇರೆ ತೂಕ. ಹೋರಿ ಎಲ್ಲಿ ನಿಂತರೆ ಭಾರ ಎಲ್ಲಿಗೆ ಹೋಗುತ್ತದೆ ಎಂಬುದು ಇದರಿಂದ ಬಿಳಿಯ ಮೇಲೆ ಕರಿಯಾಗಿ ಸಿಗುತ್ತದೆ.

ಇಲ್ಲಿ ನನ್ನ ವಹಿಯ ಪದ್ಧತಿ ಹೇಳಬೇಕು. ನಾವು ಎಡ ಬಲ, ಹಿಂದೆ ಮುಂದೆ ಎನ್ನುವುದು ಕಡಿಮೆ. ಹೊಲದ ಬದುವಿನಿಂದ ಹಿಡಿದು ತಾಟಿನಲ್ಲಿ ಉಪ್ಪು ಎಲ್ಲಿದೆ ಎಂಬುದರ ತನಕ ಮೂಡಲು, ಪಡುವಲು, ತೆಂಕಲು, ಬಡಗಲು. ನನ್ನ ವರ್ಕ್‌ಶಾಪಿನ ಬಾಗಿಲು ಮೂಡಲಕ್ಕಿದೆ, ಗಾಡಿಯನ್ನು ಮೂಡಲಕ್ಕೆ ಮುಖ ಮಾಡಿಯೇ ಕಟ್ಟುವುದು, ಪೂಜೆಯೂ ಹಾಗೆಯೇ. ಮೂವತ್ತು ವರ್ಷದ ನನ್ನ ವಹಿಗಳಲ್ಲಿ ಮೂಡಲು ಎಂದರೆ ಗಾಡಿಯ ಮೂತಿ, ಪಡುವಲು ಎಂದರೆ ಬಾಲ.

ಕಾಟಾದ ಹತ್ತಿರ ನಡುಮಧ್ಯಾಹ್ನ. ಚಳಿಗಾಲದ ಓರೆ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಚಳಿಗಾಲದ ಮಧ್ಯಾಹ್ನದ ಸೂರ್ಯ ತೆಂಕಲಲ್ಲಿ ಇರುತ್ತಾನೆ, ಇದು ಹುಟ್ಟಿದಾಗಿನಿಂದ ಕಂಡದ್ದು. ಅಂದರೆ ನನ್ನ ಎದುರು ತೆಂಕಲು, ಬಲಗಡೆ ಪಡುವಲು. ಲಾರಿಯ ಮೂತಿ ನನ್ನ ಬಲಗಡೆ ಇತ್ತು. ಹಾಗಾಗಿ ಬಹಳ ಎಚ್ಚರಿಕೆಯಿಂದ ಮೂತಿಯ ಖಾನೆಗೆ ಪಡುವಲು ಎಂದು ಬರೆದೆ, ಬಾಲದ ಖಾನೆಗೆ ಮೂಡಲು ಎಂದು ಬರೆದೆ. ಗಾಲಿಗಳಿಗೂ ಅದೇ ಪ್ರಕಾರ. ಎಚ್ಚರಿಕೆಗೆ ಏನೂ ಕಡಿಮೆ ಮಾಡಲಿಲ್ಲ.

ಕಾಟಾದವನು ಕಿಟಕಿಯಿಂದ ಬಗ್ಗಿ ನನ್ನ ಬರವಣಿಗೆ ನೋಡಿ, ಇದು ಚಿತ್ರವೋ ಅಕ್ಷರವೋ ಎಂದು ಕೇಳಿದ. ಅಕ್ಷರ ಎಂದೆ. ತನ್ನ ಹೆಸರು ಬರೆಸಿಕೊಂಡು ಗೋಡೆಗೆ ಅಂಟಿಸಿದ. ಅಷ್ಟರಲ್ಲಿ ನನಗೆ ವಿಮಾನದಲ್ಲಿ ಬಾರದ ನಿದ್ದೆಯೆಲ್ಲ ಒಮ್ಮೆಗೇ ಬಂದು ಕಣ್ಣು ಕೂರತೊಡಗಿತು. ಮನೆಗೆ ಹೋಗಿ ಬಿದ್ದವನು ಮರುದಿನ ಬೆಳಗಿನ ತನಕ ಏಳಲಿಲ್ಲ. ಆ ದಿನದ ಸೂರ್ಯ ಎಲ್ಲಿ ಮುಳುಗಿದನೋ ನಾನು ಕಾಣೆ.

ರವಿವಾರ ಬೆಳಿಗ್ಗೆ

ಎದ್ದಾಗ ಎದುರಿನ ಮಾರುಕಟ್ಟೆಯ ತಗಡಿನ ಮೇಲೆ ಸೂರ್ಯ ಏಳುತ್ತಿದ್ದ. ನಿನ್ನೆ ಲಾರಿಯ ಮೂತಿ ಇದ್ದದ್ದು ಸರಿಯಾಗಿ ಆ ಕಡೆಗೇ. ಓಹೋ, ಇಲ್ಲಿಯವರೂ ಗಾಡಿಯನ್ನು ಮೂಡಲಕ್ಕೆ ಮುಖ ಮಾಡುತ್ತಾರಲ್ಲ ಎಂದು ಮನಸ್ಸಿಗೆ ಹಿತವಾಯಿತು. ನಿನ್ನೆ ಅದನ್ನೇ ನಾನು ಪಡುವಲು ಎಂದು ಬರೆದದ್ದು ಆ ಹೊತ್ತಿಗೆ ನನ್ನ ತಲೆಯಲ್ಲೇ ಇರಲಿಲ್ಲ. ಹತ್ತರ ಸುಮಾರಿಗೆ ಕ್ಲೆಮ್ ಮತ್ತು ಜೋನ್ ಚರ್ಚಿಗೆ ಹೋದರು. ವಹಿ ತೆರೆದು ಯಾವಾಗಿನಂತೆ ಓದಿದೆ. ಮೂಡಲು ಎಂದರೆ ಮೂತಿ.

ಓದುತ್ತ ಓದುತ್ತ ಕೂತಲ್ಲೇ ನೆಟ್ಟಗಾದೆ. ಮೂಡಲ ಖಾನೆಯಲ್ಲಿ ಹೋರಿ ನಿಂತಾಗ ಮೂಡಲ ಗಾಲಿಗಳ ಮೇಲೆ ವಿಪರೀತ ಭಾರ, ಪಡುವಲ ಗಾಲಿಗಳು ಮಾತ್ರ ಹಗುರಾಗಿ ಎದ್ದೇ ಬಿಡುವಂತೆ ಇವೆ. ಪಡುವಲ ಖಾನೆಯಲ್ಲಿ ಹೋರಿ ನಿಂತಾಗ ಎರಡೂ ಕಡೆ ಭಾರ ನೀಟಾಗಿ ಹಂಚಿಹೋಗಿದೆ. ಅಂದರೆ? ಹೋರಿಗಳನ್ನು ಮುಂದೆ ನಿಲ್ಲಿಸುವುದೇ ಅಪಾಯ, ಹಿಂದೆ ನಿಲ್ಲಿಸುವುದೇ ಸರಿ! ಸ್ವಲ್ಪ ವಿಚಿತ್ರ ಅನಿಸಿತು. ಆದರೆ ಕಾಟಾ ಸುಳ್ಳು ಹೇಳುವುದಿಲ್ಲ, ನನ್ನ ಅಕ್ಷರವಂತೂ ಮೊದಲೇ ಹೇಳುವುದಿಲ್ಲ. ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕೆಂಡ ಆರಿತು. ಕುಣಿಯಬೇಕೆನಿಸಿತು.

ಕೂಡಲೇ ಕುರಿಗಾರರ ಫೋನ್ ಗುಂಪಿಗೆ ಧ್ವನಿ ಕಳಿಸಿದೆ. ಪರದೇಶದ ಕಾಟಾದಲ್ಲಿ ತೂಗಿ ನೋಡಿದ್ದೇನೆ, ನನ್ನ ಲೆಕ್ಕ ಸರಿ ಇತ್ತು, ಗಾಡಿಯದು ತಪ್ಪಿಲ್ಲ, ಹೊಡೆದವನ ಕೈಯದೇ ತಪ್ಪು ಎಂದು. ಭೀಮಶಿ ಇನ್ನೂ ಆ ಗುಂಪಿನಲ್ಲಿ ಇದ್ದಾನೆ ಎಂಬುದು ಕಳಿಸಿದ ಮೇಲೆ ನೆನಪಾಯಿತು. ಇರಲಿ, ಖರೆಯೇ ತಾನೆ ಎಂದುಕೊಂಡೆ. ಒಬ್ಬರ ಹಿಂದೆ ಒಬ್ಬರು ಕೈ ಮುಗಿದ ಚಿತ್ರ ಕಳಿಸಿದರು. ಭೀಮಶಿ ಏನೂ ಕಳಿಸಲಿಲ್ಲ. ಕೇಳಿದ್ದಾನೆ ಎಂದು ಮಾತ್ರ ಫೋನು ತೋರಿಸಿತು.

ಸುಧಾಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಚಹಾದ ಹೊತ್ತು.

“ನನ್ನ ಲೆಕ್ಕ ಖರೆ ಅದ, ಸುಧಾ! ಭೀಮಶೀದ ತಪ್ಪು.”

ಆಕೆ ಕೇಳಿದಳು. “ಅದಕ್ಕ ನಿಮಗ ಇಷ್ಟ್ ಖುಷಿ ಆಗ್ಯದೇನ್ರಿ?”

ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ರವಿವಾರ ಮಧ್ಯಾಹ್ನ

ಊಟಕ್ಕೆ ಕೂತಾಗ ವಹಿಯನ್ನು ಕ್ಲೆಮ್‌ನ ಮುಂದೆ ಹಿಡಿದೆ. ಕನ್ನಡ ಅವನಿಗೆ ಹೇಗೆ ಬರಬೇಕು? ಬೆರಳಿಟ್ಟು ವಿವರಿಸಿದೆ. ಇದು ಮುಂದಿನ ಖಾನೆ, ಇಲ್ಲಿ ಹೋರಿ ಬೇಡ, ಹೋರಿ ಹಿಂದೆ ಇರಬೇಕು ಎಂದು ನಿಮ್ಮ ಕಾಟಾ ಹೇಳುತ್ತದೆ ಎಂದೆ. ಕ್ಲೆಮ್ ಆಲೂಗಡ್ಡೆ ಅಗಿಯುವುದನ್ನು ನಿಲ್ಲಿಸಿದ.

“ತಿರುಮುರುಗ ಹಿಡಿದಿ ನೀನು. ಇದು ಮುಂದಿಂದಲ್ಲ, ಹಿಂದಿಂದು. ನಾ ಅಲ್ಲೇ ನಿಂತಿದ್ನೆಲ್ಲ.”

“ಮೂಡಲಕ್ಕ ಗಾಡಿ ಮುಖ ಇತ್ತು. ಮೂಡಲ ಅಂತ ಬರದೇನಿ.”

“ಯಾವ ಕಡೆ ಮೂಡಲ?”

ಈ ಮುದುಕನಿಗೆ ಏನಾಗಿದೆ ಎಂದು ಕೈಹಿಡಿದು ಅಂಗಳಕ್ಕೆ ಕರೆತಂದೆ. ಸೂರ್ಯ ನಿನ್ನೆಯ ಜಾಗದಲ್ಲೇ ಇದ್ದ. ನಾನು ಸೂರ್ಯನ ಕಡೆಗೆ ಕೈ ಮಾಡಿ “ಇದು ತೆಂಕಲು” ಎಂದೆ. ಕ್ಲೆಮ್ ಅದೇ ಸೂರ್ಯನ ಕಡೆಗೆ ಕೈ ಮಾಡಿ “ಇದು ಬಡಗಲು” ಎಂದ. ಇಬ್ಬರೂ ಒಬ್ಬರ ಬುದ್ಧಿಯ ಬಗ್ಗೆ ಒಬ್ಬರು ಅನುಮಾನ ಪಡುತ್ತ ನಿಂತೆವು. ಜೋನ್ ಲಾರಿಯ ಕ್ಯಾಬಿನ್ನಿಂದ ದಿಕ್ಸೂಚಿ ತಂದು ನನ್ನ ಅಂಗೈಯಲ್ಲಿಟ್ಟಳು. ಮುಳ್ಳು ಸ್ವಲ್ಪ ತೊನೆದಾಡಿ, ಸೂರ್ಯನ ಕಡೆಗೇ ನೆಟ್ಟಗೆ ಬಡಗಲು ತೋರಿಸಿತು.

ಭೂಮಿಯ ಆ ಅರ್ಧದಲ್ಲಿ ಮಧ್ಯಾಹ್ನದ ಸೂರ್ಯ ಬಡಗಲಲ್ಲಿ ಇರುತ್ತಾನಂತೆ. ಸಾಲೆಯಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೇನೆ. ಶನಿವಾರ ಮಧ್ಯಾಹ್ನ ಸೂರ್ಯನನ್ನು ನಂಬಿ ಮೂತಿಗೆ ಪಡುವಲು ಎಂದು ಬರೆದೆ. ರವಿವಾರ ಬೆಳಿಗ್ಗೆ ಅದೇ ಸೂರ್ಯನನ್ನು ನಂಬಿ ಮೂಡಲನ್ನು ಮೂತಿ ಎಂದು ಓದಿದೆ. ಬಾಲದಲ್ಲಿ ಹೋರಿ ನಿಂತದ್ದರಿಂದ ಆದ ಅನಾಹುತವನ್ನೆಲ್ಲ ಮೂತಿಯ ಹೆಸರಿಗೆ ಬರೆದುಬಿಟ್ಟಿದ್ದೆ. ಆದರೂ ನಾನು ಒಪ್ಪಲಿಲ್ಲ. ಗುಂಪಿಗೆ ಕಳಿಸಿದ ಮಾತು ಕಿವಿಯಲ್ಲಿ ಕೂತಿತ್ತು. ತೂಕ ಬೇರೆ, ರಸ್ತೆ ಬೇರೆ ಎಂದು ವಾದ ಹೂಡಿದೆ. ಓಡಿಸಿ ತೋರಿಸು ಎಂದೆ.

ಕ್ಲೆಮ್ ಹೂಂ ಎಂದ. ನಾನು ಹೋರಿಗಳ ಕೊಟ್ಟಿಗೆಯ ಕಡೆಗೆ ಹೊರಟೆ.

“ಎತ್ತಲಾಗ ಹೊಂಟಿ? ಇಂಥಾ ಹುಚ್ಚಾಟಕ್ಕ ಜೀವ ಇರೂ ಪ್ರಾಣಿ ಹಾಕತಾರೇನು?” ಎಂದ. ಹಿಂದಿನ ಖಾನೆಯಲ್ಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಪೈಪ್ ಬಿಟ್ಟು ಆರು ಹೋರಿಗಳ ತೂಕದಷ್ಟು ನೀರು ತುಂಬಿ, ಹಗ್ಗ ಬಿಗಿದ. ನಾನು ಪೈಪ್ ಹಿಡಿದೆ.

ಅವನ ಹೊಲದೊಳಗೇ ನೆಟ್ಟಗಿನ ಧೂಳಿನ ರಸ್ತೆ. ನಾನು ಪಕ್ಕದಲ್ಲಿ ಕೂತೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ವೇಗ ಏರಿತು, ಜೋರೇನೂ ಅಲ್ಲ, ನಮ್ಮ ಎಸ್ಟಿ ಬಸ್ಸು ಹೋಗುವಷ್ಟೂ ಅಲ್ಲ. ಸಣ್ಣ ಇಳಿಜಾರು ಬಂತು. ಲಾರಿಯ ಮುಂಭಾಗ ಮೇಲೆತ್ತಿದಂತೆ ನನ್ನ ಹೊಟ್ಟೆಗೆ ಗೊತ್ತಾಯಿತು. ಕನ್ನಡಿಯಲ್ಲಿ ಹಿಂದಿನ ಟ್ರೇಲರ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ದೂರ ಹೋಯಿತು. ಕ್ಲೆಮ್ ಸ್ಟೇರಿಂಗ್ ತಿರುಗಿಸುತ್ತಿದ್ದಾನೆ, ಲಾರಿ ತಿರುಗುತ್ತಿಲ್ಲ. ನಾನು ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದು ಕನ್ನಡದಲ್ಲಿ ಕೂಗಿಕೊಂಡೆ. ಅವನು ಬ್ರೇಕ್ ಮುಟ್ಟದೆ, ಉಸಿರು ಬಿಡುವಷ್ಟು ನಿಧಾನವಾಗಿ ಕಾಲು ತೆಗೆದ. ಏರು ಬಂತು. ಗಾಡಿ ತಾನಾಗಿ ನೆಟ್ಟಗಾಗಿ ನಿಂತಿತು.

ಎಂಜಿನ್ ಬಂದ್ ಮಾಡಿ ಕ್ಲೆಮ್ ಹಣೆ ಒರೆಸಿಕೊಂಡ. “ನನ್ನ ರಸ್ತೆ ಅಂತ ಉಳದ್ವಿ. ನಿಮ್ಮ ಗಾಡಿ ಯಾರು ಹೊಡದಿದ್ರು?”

“ನನ್ನ ಗೆಣೆಯ.”

“ಏನಂದ?”

ಸ್ಟೇರಿಂಗ್ ಹಗುರಾಯಿತು, ಹಿಂದಿನ ಗಾಡಿ ನನ್ನ ಮಾತು ಕೇಳಲಿಲ್ಲ ಎಂದನೆಂದು ಇಂಗ್ಲಿಷಿನಲ್ಲಿ ಹೇಳಿದೆ.

“ಮತ್ತ? ಅವ ಹೇಳಿದ್ದ ಇದ ಐತೆಲ್ಲ” ಎಂದ ಕ್ಲೆಮ್. ಆ ಮಾತನ್ನು ನಾನು ಸಭೆಯಲ್ಲಿ ಸುಳ್ಳು ಮಾಡಿದ್ದು ಅವನಿಗೆ ತಿಳಿಯದು. ಇಳಿದು ಹೋಗಿ ಡ್ರಮ್ಮುಗಳ ನೀರು ಚೆಲ್ಲತೊಡಗಿದ. ನಾನು ಕ್ಯಾಬಿನ್ನಿನಲ್ಲೇ ಕೂತು ಅತ್ತೆ. ಐವತ್ತೆಂಟನೇ ವಯಸ್ಸಿನಲ್ಲಿ, ಮೊಣಕಾಲಿನ ತನಕ ತೋಳಿರುವ ಪರರ ಕೋಟು ಹಾಕಿಕೊಂಡು ಅತ್ತೆ.

ರವಿವಾರ, ನಾಲ್ಕು ಗಂಟೆ

ನಮ್ಮ ಕಡೆ ಆಗ ಹನ್ನೊಂದೂವರೆ. ಮೊದಲು ಗುಂಪಿಗೆ ಇನ್ನೊಂದು ಧ್ವನಿ ಕಳಿಸಿದೆ. ಬೆಳಿಗ್ಗೆ ಹೇಳಿದ್ದು ತಪ್ಪು, ಹೋದ ವರ್ಷ ಸಭೆಯಲ್ಲಿ ಹೇಳಿದ್ದೂ ತಪ್ಪು, ಗಾಲಿಯಿಂದಾಚೆ ಹೋರಿ ನಿಲ್ಲಿಸಿದವನು ನಾನು, ಹೊಸ ಟ್ರೇಲರಿನ ಗಾಲಿಗಳನ್ನು ಹಿಂದಕ್ಕೆ ಸರಿಸಿಯೇ ಕಟ್ಟುತ್ತೇನೆ, ಒಳಗೆ ಗೇಟು ಹಾಕುತ್ತೇನೆ ಎಂದು. ಈ ಸಲ ಯಾರೂ ಕೈ ಮುಗಿದ ಚಿತ್ರ ಕಳಿಸಲಿಲ್ಲ.

ಆಮೇಲೆ ಭೀಮಶಿಗೆ ಫೋನ್ ಹಚ್ಚಿದೆ. ಒಂದು ವರ್ಷದಲ್ಲಿ ಮೊದಲ ಸಲ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದ.

“ಭೀಮಶಿ, ನಾನು.”

“ಗೊತ್ತೈತ್ರಿ. ಹೇಳ್ರಿ.”

“ಗುಂಪಿನ್ಯಾಗ ಕೇಳಿದೇನು?”

“ಕೇಳೇನ್ರಿ. ಎರಡೂ ಕೇಳೇನಿ.”

ನಾನು ಸೂರ್ಯ, ಕಾಟಾ, ದಿಕ್ಸೂಚಿ ಎಂದು ಶುರು ಮಾಡಿದೆ. ಅವನು ನಡುವೆಯೇ ತಡೆದ. “ಅದೆಲ್ಲಾ ಇರಲ್ರಿ. ಹೋರಿ ಹಿಂದ ಬ್ಯಾಡ್ರಿ ಅಂತ ನಾ ಅವತ್ತ ಅಂದಿದ್ದಿಲ್ಲೇನ್ರಿ?”

“ಅಂದಿದ್ದಿ.”

“ನೀವು ಏನಂದ್ರಿ?”

ಏನಂದೆ ಎಂಬುದನ್ನು ನನ್ನ ಬಾಯಿಂದಲೇ ಹೇಳಿಸಿದ. ಹೇಳಿದೆ. ಕ್ಷಮಿಸು ಎಂದೆ. “ನನಗ ಹೇಳೂದು ಏನೈತ್ರಿ, ನನಗ ಮೊದಲ ಗೊತ್ತಿತ್ತು. ತಡೀರಿ, ಫೋನ್ ಕೊಡ್ತೇನಿ” ಎಂದ.

ಫೋನಿಗೆ ಅವನ ಮಗಳು ಬಂದಳು. ಒಂಬತ್ತನೇ ಇಯತ್ತೆ ಓದುವ ಹುಡುಗಿ. ಗಾಡಿ ಕೆಡವಿದವನ ಮಗಳು ಎಂದು ಸಾಲೆಯಲ್ಲಿ ಯಾರೋ ಅಂದದ್ದಕ್ಕೆ ಎರಡು ತಿಂಗಳು ಸಾಲೆ ಬಿಟ್ಟಿದ್ದಳು ಎಂದು ಸುಧಾ ಹಿಂದೊಮ್ಮೆ ಹೇಳಿದ್ದಳು. ನಾನು ಆಗ ಕೇಳಿಸಿಕೊಳ್ಳದವನ ಹಾಗೆ ಇದ್ದುಬಿಟ್ಟಿದ್ದೆ.

“ಹೇಳ್ರಿ ಮಾಮಾ.”

“ನಿಮ್ಮಪ್ಪಂದು ಏನೂ ತಪ್ಪಿಲ್ಲವ್ವಾ. ಅಂವ ಜೋರ ಹೊಡದಿಲ್ಲ. ಗಾಡಿ ತಪ್ಪ ಕಟ್ಟಿದಾಂವ ನಾನು. ಸಭಾದಾಗ ಸುಳ್ಳ ಹೇಳಿದಾಂವನೂ ನಾನು.”

ಆ ಕಡೆ ಪಾತ್ರೆ ಇಟ್ಟ ಸಪ್ಪಳ, ಯಾರೋ ಬಾಗಿಲ ಬಳಿ ಬಂದ ಸಪ್ಪಳ. ಹುಡುಗಿ ಫೋನಿನ ಸ್ಪೀಕರ್ ಹಚ್ಚಿದ್ದು ದನಿಯಲ್ಲೇ ತಿಳಿಯಿತು.

“ಇನ್ನೊಮ್ಮೆ ಹೇಳ್ರಿ ಮಾಮಾ. ಅವ್ವ ಬಂದಾಳ, ಓಣ್ಯಾಗಿನವ್ರೂ ಬಂದಾರ. ಸ್ವಲ್ಪ ಜೋರ ಹೇಳ್ರಿ.”

ನಾನು ಎದ್ದು ನಿಂತು, ಜೋರಾಗಿ, ಮೊದಲಿನಿಂದ ಹೇಳಿದೆ.